ರೇಡಿಯೋ ಅಯೋಡಿನ್ ತೆಗೆದುಕೊಂಡವರ ಮೈಯಲ್ಲಿ ವಿಕಿರಣ ಎಷ್ಟು ದಿನ ಇರುತ್ತದೆ?

ಪ್ರಶ್ನೆ: ನಮ್ಮಮ್ಮನಿಗೆ 58 ವರ್ಷ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮುಂದಿನ ವಾರ 10 ಮಿಲಿಕ್ಯೂರಿ ರೇಡಿಯೋ ಅಯೋಡಿನ್ ಕೊಡುತ್ತಾರೆ. ಅದೇ ದಿನ ಮನೆಗೆ ಕಳಿಸುತ್ತಾರಂತೆ. ನಾವು ಇರುವುದು ದಾವಣಗೆರೆಯಲ್ಲಿ. ನನ್ನ ಎರಡು ವರ್ಷದ ಮಗು ಅಜ್ಜಿಯ ಪಕ್ಕವೇ ಮಲಗುವುದು. ಅರ್ಧಾಯು 8 ದಿನ ಎಂದರೆ 16 ದಿನಕ್ಕೆ ವಿಕಿರಣ ಪೂರ್ತಿ ಮುಗಿಯುತ್ತದೆಯೇ? ಅಮ್ಮ ಮುಟ್ಟಿದ ಪಾತ್ರೆ, ಮಲಗಿದ ಹಾಸಿಗೆಗೂ ವಿಕಿರಣ ಹತ್ತುತ್ತದೆಯೇ? ಚೆರ್ನೋಬಿಲ್‌ನಲ್ಲಿ ಮಕ್ಕಳಿಗೆ ಕ್ಯಾನ್ಸರ್ ತಂದದ್ದೂ ಇದೇ ಅಯೋಡಿನ್ ಎಂದು ಓದಿ ಭಯವಾಗಿದೆ. ಆನ್‌ಲೈನ್‌ನಲ್ಲಿ ಸಿಗುವ, ವಿಕಿರಣ ಅಳೆಯುವ ಗೈಗರ್ ಕೌಂಟರ್ ಒಂದು ಕೊಂಡಿಟ್ಟುಕೊಳ್ಳಲೇ?

ಉತ್ತರ: 16 ದಿನಕ್ಕೆ ಮುಗಿಯುವುದಿಲ್ಲ. ಮೊದಲ ಎಂಟು ದಿನದಲ್ಲಿ ಅರ್ಧ ಕಳೆಯುತ್ತದೆ. ಮುಂದಿನ ಎಂಟು ದಿನದಲ್ಲಿ ಕಳೆಯುವುದು ಉಳಿದದ್ದರಲ್ಲಿ ಅರ್ಧ ಮಾತ್ರ. 10 ಮಿಲಿಕ್ಯೂರಿ 8ನೇ ದಿನಕ್ಕೆ 5 ಆಗುತ್ತದೆ, 16ನೇ ದಿನಕ್ಕೆ 2.5, 24ನೇ ದಿನಕ್ಕೆ 1.25. ಹತ್ತು ಅರ್ಧಾಯು, ಅಂದರೆ 80 ದಿನ ದಾಟಿದ ಮೇಲೆ ಉಳಿಯುವುದು 1024ರಲ್ಲಿ ಒಂದು ಪಾಲು. ಇಷ್ಟು ಓದಿ ಗಾಬರಿಯಾಗಬೇಡಿ. ಇದು ಸೀಸೆಯಲ್ಲಿ ಮುಚ್ಚಿಟ್ಟ ಅಯೋಡಿನ್ನಿನ ಲೆಕ್ಕ. ಮೈಯೊಳಗಿನ ಅಯೋಡಿನ್ ಮೂತ್ರದಲ್ಲಿ ಹೊರಗೂ ಹೋಗುವುದರಿಂದ ಅದರ ಲೆಕ್ಕವೇ ಬೇರೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಈ ಅರ್ಧಾಯು ಎಲ್ಲಿಂದ ಬರುತ್ತದೆ ಎಂದು ನೋಡೋಣ. ನಾವು ತಿನ್ನುವ ಉಪ್ಪಿನಲ್ಲಿರುವುದು ಅಯೋಡಿನ್-127. ಅದರ ನ್ಯೂಕ್ಲಿಯಸ್‌ನಲ್ಲಿ 53 ಪ್ರೋಟಾನ್, 74 ನ್ಯೂಟ್ರಾನ್. ಅದು ಸ್ಥಿರ. ಅಮ್ಮನಿಗೆ ಕೊಡುವ ರೇಡಿಯೋ ಅಯೋಡಿನ್ ಎಂದರೆ ಅಯೋಡಿನ್-131. ಅದರಲ್ಲಿ ಪ್ರೋಟಾನ್ ಅಷ್ಟೇ ಇವೆ, ನ್ಯೂಟ್ರಾನ್ ಮಾತ್ರ ನಾಲ್ಕು ಹೆಚ್ಚು, 78. ಈ ಹೆಚ್ಚುವರಿಯಿಂದ ನ್ಯೂಕ್ಲಿಯಸ್ ಸ್ಥಿರವಾಗಿ ಉಳಿಯಲಾರದು. ಒಂದಲ್ಲ ಒಂದು ಗಳಿಗೆಯಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನ್ ರಭಸದಿಂದ ಹೊರಗೆ ಚಿಮ್ಮುತ್ತದೆ. ಈ ಎಲೆಕ್ಟ್ರಾನೇ ಬೀಟಾ ಕಣ. ಪ್ರೋಟಾನ್ 54 ಆಯಿತೆಂದರೆ ಅದು ಇನ್ನು ಅಯೋಡಿನ್ ಅಲ್ಲ, ಕ್ಸೆನಾನ್ ಅನಿಲ. ಹೊಸ ನ್ಯೂಕ್ಲಿಯಸ್ ಬಹುತೇಕ ಸಲ ತನ್ನಲ್ಲಿ ಮಿಕ್ಕ ಶಕ್ತಿಯನ್ನು ತಕ್ಷಣವೇ ಗ್ಯಾಮಾ ಕಿರಣವಾಗಿ ಹೊರಹಾಕಿ ಸ್ಥಿರವಾಗುತ್ತದೆ. ಆ ಪರಮಾಣುವಿನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಕ್ಸೆನಾನ್ ಯಾವುದರ ಜೊತೆಗೂ ಸೇರದ ಅನಿಲ, ರಕ್ತದ ಮೂಲಕ ಶ್ವಾಸಕೋಶ ತಲುಪಿ ಉಸಿರಿನಲ್ಲಿ ಹೋಗಿಬಿಡುತ್ತದೆ.

ಯಾವ ಪರಮಾಣು ಯಾವಾಗ ಹೀಗೆ ಬದಲಾಗುತ್ತದೆ, ಅಂದರೆ ಕ್ಷಯಿಸುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕೆ ವಯಸ್ಸಾಗುವುದೂ ಇಲ್ಲ. ನಿನ್ನೆ ತಯಾರಾದ ಪರಮಾಣುವಿಗೂ ತಿಂಗಳಿನಿಂದ ಉಳಿದುಕೊಂಡಿರುವ ಪರಮಾಣುವಿಗೂ ಮುಂದಿನ ಒಂದು ಸೆಕೆಂಡಿನಲ್ಲಿ ಕ್ಷಯಿಸುವ ಸಾಧ್ಯತೆ ಒಂದೇ. ಅಯೋಡಿನ್-131ಕ್ಕೆ ಆ ಸಾಧ್ಯತೆ ನೆನಪಿಡಲು ಬಲು ಸುಲಭ: ಸೆಕೆಂಡಿಗೆ ಹೆಚ್ಚುಕಡಿಮೆ ಸರಿಯಾಗಿ ಹತ್ತು ಲಕ್ಷಕ್ಕೆ ಒಂದು. ಅದರ ನಿಖರ ಅರ್ಧಾಯು 8.02 ದಿನವನ್ನು ಸೆಕೆಂಡಿಗೆ ತಿರುಗಿಸಿ 0.693ರಿಂದ (2ರ ಸಹಜ ಲಾಗರಿದಮ್) ಭಾಗಿಸಿ ನೋಡಿ, ಹತ್ತು ಲಕ್ಷವೇ ಬರುತ್ತದೆ. ಅರ್ಧಾಯು ಎಂಬುದು ಈ ಸಾಧ್ಯತೆಯಿಂದ ಹುಟ್ಟಿದ ಲೆಕ್ಕ, ಔಷಧಿ ಡಬ್ಬಿಯ ಮೇಲಿನ ಕೊನೆಯ ದಿನಾಂಕವಲ್ಲ.

ಇದೇ ಲೆಕ್ಕವನ್ನು ಅಮ್ಮನ ಡೋಸ್‌ಗೆ ಹಾಕೋಣ. 1 ಮಿಲಿಕ್ಯೂರಿ ಎಂದರೆ ಸೆಕೆಂಡಿಗೆ 3.7 ಕೋಟಿ ಕ್ಷಯ. 10 ಮಿಲಿಕ್ಯೂರಿ ಎಂದರೆ 37 ಕೋಟಿ, ಅಂದರೆ 37 ಕೋಟಿ ಬೆಕೆರೆಲ್ (ಸೆಕೆಂಡಿಗೆ ಒಂದು ಕ್ಷಯವೇ ಒಂದು ಬೆಕೆರೆಲ್). ಸೆಕೆಂಡಿಗೆ ಹತ್ತು ಲಕ್ಷದಲ್ಲಿ ಒಂದು ಹೋಗುತ್ತಿರುವಾಗಲೇ ಇಷ್ಟು ಕ್ಷಯ ಆಗುತ್ತಿದೆ ಎಂದರೆ ಒಟ್ಟು ಪರಮಾಣುಗಳು 37 ಕೋಟಿ ಗುಣಿಸು 10 ಲಕ್ಷ. ಸಂಖ್ಯೆ ದೊಡ್ಡದು, ತೂಕ ಮಾತ್ರ ಒಂದು ಗ್ರಾಮಿನ ಕೋಟಿಯಲ್ಲೊಂದು ಭಾಗಕ್ಕಿಂತ ಕಡಿಮೆ, ಸುಮಾರು 0.08 ಮೈಕ್ರೋಗ್ರಾಂ. ಕ್ಯಾಪ್ಸೂಲಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಅಯೋಡಿನ್ ಹೊತ್ತ ಬರೀ ಪುಡಿ. ಹೋಲಿಕೆಗೆ ಬೇಕಿದ್ದರೆ, ನಿಮ್ಮ ಮೈಯಲ್ಲೂ ನನ್ನ ಮೈಯಲ್ಲೂ ಆಹಾರದಿಂದ ಬಂದ ಪೊಟ್ಯಾಸಿಯಂ-40 ಇದೆ. 70 ಕೆ.ಜಿ. ತೂಗುವವರಲ್ಲಿ ಅದು ಸೆಕೆಂಡಿಗೆ 4,400ರ ಆಸುಪಾಸು ಕ್ಷಯ ಕೊಡುತ್ತಲೇ ಇರುತ್ತದೆ. ಅದರ ಅರ್ಧಾಯು 125 ಕೋಟಿ ವರ್ಷ. ವಿಕಿರಣವೇ ಇಲ್ಲದ ಮನುಷ್ಯ ಎಲ್ಲೂ ಇಲ್ಲ. ಪ್ರಶ್ನೆ ಯಾವಾಗಲೂ ಎಷ್ಟು ಎಂಬುದು.

ಆಸ್ಪತ್ರೆಯವರು ದಿನಾಂಕದ ವಿಷಯದಲ್ಲಿ ಪಟ್ಟು ಹಿಡಿಯುವುದಕ್ಕೂ ಈ ಕ್ಷಯವೇ ಕಾರಣ. ಅಯೋಡಿನ್ ರೋಗಿಯ ಹೆಸರಿಗೆ, ಇಂಥ ದಿನಕ್ಕೆ ಇಷ್ಟು ಮಿಲಿಕ್ಯೂರಿ ಎಂದು ಲೆಕ್ಕ ಹಾಕಿ ತರಿಸಿದ್ದಿರುತ್ತದೆ. ಸೋಮವಾರದ 10 ಮಿಲಿಕ್ಯೂರಿ ಗುರುವಾರಕ್ಕೆ 7.7 ಮಾತ್ರ. "ಹಬ್ಬ ಮುಗಿಸಿಕೊಂಡು ಬರುತ್ತೇವೆ" ಎಂದರೆ ಡೋಸ್ ವ್ಯರ್ಥ. ಇನ್ನೊಂದು ವಿಷಯವನ್ನು ಮರೆಯದೆ ಹೇಳಿ: ಕಳೆದ ಎರಡು ತಿಂಗಳಲ್ಲಿ ಬಣ್ಣದ ಇಂಜೆಕ್ಷನ್ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರೆ ಆ ಇಂಜೆಕ್ಷನ್ನಿನ ತುಂಬ ಸಾಮಾನ್ಯ ಅಯೋಡಿನ್ ಇರುತ್ತದೆ. ಥೈರಾಯ್ಡ್ ಗ್ರಂಥಿ ಆಗಲೇ ಹೊಟ್ಟೆ ತುಂಬಿಸಿಕೊಂಡು ಕೂತಿದ್ದರೆ ರೇಡಿಯೋ ಅಯೋಡಿನ್ನನ್ನು ತೆಗೆದುಕೊಳ್ಳುವುದಿಲ್ಲ, ಚಿಕಿತ್ಸೆ ಕೆಲಸ ಮಾಡುವುದಿಲ್ಲ.

ಈ ಚಿಕಿತ್ಸೆ ನಡೆಸುವುದು ಬೀಟಾ ಕಣ. ಅಯೋಡಿನ್-131ರ ಬೀಟಾ ಕಣ ಮಾಂಸದಲ್ಲಿ ಹೆಚ್ಚೆಂದರೆ 2 ಮಿ.ಮೀ. ಸಾಗಿ ನಿಂತುಬಿಡುತ್ತದೆ, ಬಹಳಷ್ಟು ಅರ್ಧ ಮಿ.ಮೀ. ಕೂಡ ದಾಟುವುದಿಲ್ಲ. ದಾರಿಯುದ್ದಕ್ಕೂ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತ ಜೀವಕೋಶದ ಡಿ.ಎನ್.ಎ. ಕಡಿಯುತ್ತದೆ. ಅಯೋಡಿನ್ ಸೇರುವುದು ಥೈರಾಯ್ಡ್‌ಗೆ, ಆದ್ದರಿಂದ ಸಾಯುವುದೂ ಥೈರಾಯ್ಡ್‌ನ ಜೀವಕೋಶಗಳೇ. ಇಂಥ ಚಿಕಿತ್ಸೆಯಲ್ಲಿ ಗ್ರಂಥಿಗೆ ಬೀಳುವ ಪ್ರಮಾಣ 100 ಗ್ರೇ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರುತ್ತದೆ. ಒಂದು ಗ್ರೇ ಎಂದರೆ ಕೆ.ಜಿ.ಗೆ ಒಂದು ಜೂಲ್. 30 ಗ್ರಾಂ ತೂಗುವ ಗ್ರಂಥಿಗೆ ಬಿದ್ದದ್ದು ಒಟ್ಟು 3 ಜೂಲ್. ಒಂದು ಟೀ ಚಮಚ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲೂ ಅಷ್ಟು ಶಕ್ತಿ ಸಾಲದು. ಕೆಡಿಸುವುದು ಕಾವಲ್ಲ, ಆ ಕಡಿತ. ಇದೇ ಪ್ರಮಾಣ ಇಡೀ ಮೈಗೆ ಬಿದ್ದಿದ್ದರೆ ಮನುಷ್ಯ ಬದುಕುತ್ತಿರಲಿಲ್ಲ. ಇಡೀ ಮೈಗೆ 4–5 ಗ್ರೇ ಒಮ್ಮೆಲೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಸಾಯುತ್ತಾರೆ.

ಮನೆಯವರು ಗಮನಿಸಬೇಕಾದದ್ದು ಗ್ಯಾಮಾ ಕಿರಣವನ್ನು. ಅದು ಬೀಟಾ ಕಣದಂತೆ ಗ್ರಂಥಿಯಲ್ಲೇ ನಿಲ್ಲದೆ ಅಮ್ಮನ ಮೈ ದಾಟಿ ಹೊರಗೆ ಬರುತ್ತದೆ. ಇದರ ಶಕ್ತಿ 364 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅರ್ಧಕ್ಕೆ ಇಳಿಸಲು ಸುಮಾರು 3 ಮಿ.ಮೀ. ಸೀಸ ಬೇಕು. ಎಕ್ಸ್‌ರೇ ಕೋಣೆಯಲ್ಲಿ ತೊಡುವ ಲೆಡ್ ಏಪ್ರನ್ನಿನಲ್ಲಿರುವುದು ಅರ್ಧ ಮಿ.ಮೀ. ಸೀಸ, ಅದು ಇದರಲ್ಲಿ ಹತ್ತನೇ ಒಂದು ಪಾಲನ್ನಷ್ಟೇ ತಡೆದೀತು. ಏಪ್ರನ್ ಬಾಡಿಗೆಗೆ ತರುವ ಯೋಚನೆ ಇದ್ದರೆ ಬಿಡಿ, ದೂರ ನಿಲ್ಲುವುದೇ ಅದಕ್ಕಿಂತ ಎಷ್ಟೋ ಮೇಲು. ಒಂದು ಮೀಟರ್ ದೂರದಲ್ಲಿ 1 ಮಿಲಿಕ್ಯೂರಿ ಗಂಟೆಗೆ ಸುಮಾರು 2.2 ಮೈಕ್ರೋಸೀವರ್ಟ್ (ಮೈಗೆ ಬೀಳುವ ವಿಕಿರಣದ ಪರಿಣಾಮವನ್ನು ಅಳೆಯುವ ಮಾನ) ಕೊಡುತ್ತದೆ, 10 ಮಿಲಿಕ್ಯೂರಿ 22 ಕೊಡುತ್ತದೆ. ದೂರ ಇಮ್ಮಡಿಯಾದರೆ ಕಿರಣ ನಾಲ್ಕನೇ ಒಂದಕ್ಕಿಳಿಯುತ್ತದೆ, ಎರಡು ಮೀಟರಿನಲ್ಲಿ 5.5. ಹತ್ತಿರ ಹೋದರೆ ಇದೇ ಲೆಕ್ಕ ತಿರುಗಿಬೀಳುತ್ತದೆ, ಅರ್ಧ ಮೀಟರಿನಲ್ಲಿ 88.

ಆ 88ನ್ನು ಬೆಂಗಳೂರಿನಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಕೂರಿಸಿ ನೋಡಿ. ಪಕ್ಕದ ಸೀಟಿನವರು ಐದು ಗಂಟೆ ಅರ್ಧ ಮೀಟರಿನಲ್ಲಿ ಕುಳಿತರೆ ಅವರಿಗೆ ಸುಮಾರು 440 ಮೈಕ್ರೋಸೀವರ್ಟ್. ಅಮ್ಮನ ಮೈಯೇ ಸ್ವಲ್ಪ ತಡೆಯುವುದರಿಂದ ನಿಜದಲ್ಲಿ ಇದಕ್ಕಿಂತ ಕಡಿಮೆ, ಆದರೂ ಸಣ್ಣದಲ್ಲ. ಸಾರ್ವಜನಿಕರಿಗೆ ನಮ್ಮ ದೇಶದಲ್ಲಿ ಇಟ್ಟಿರುವ ಮಿತಿ ವರ್ಷಕ್ಕೆ 1,000 ಮೈಕ್ರೋಸೀವರ್ಟ್, ಅಂದರೆ 1 ಮಿಲಿಸೀವರ್ಟ್. ಪಕ್ಕದಲ್ಲಿ ಕೂರುವವರು ಬಸುರಿಯಾಗಿದ್ದರೆ ನಿಮಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಬಸ್ಸು ಬೇಡ. ಕಾರು ಮಾಡಿಕೊಂಡು ಹೋಗಿ. ಅಮ್ಮ ಹಿಂದಿನ ಸೀಟಿನಲ್ಲಿ, ಚಾಲಕನಿಗೆ ಓರೆಯಾಗಿ ಕೂರಲಿ, ಜೊತೆಗೆ ಮಗು ಬೇಡ. ಆ ದೂರದಲ್ಲಿ ಚಾಲಕನಿಗೆ ಐದು ಗಂಟೆಗೆ ಬೀಳುವುದು 50 ಮೈಕ್ರೋಸೀವರ್ಟ್ ಆಸುಪಾಸು. ದಾರಿಯಲ್ಲಿ ಒಂದೆರಡು ಕಡೆ ನಿಲ್ಲಿಸಿ ಮೂತ್ರಕ್ಕೆ ಹೋಗಲಿ. ಒಂದು ರಾತ್ರಿ ಬೆಂಗಳೂರಿನಲ್ಲೇ ಉಳಿಯುವ ಆಲೋಚನೆ ಇದ್ದರೆ ಮಕ್ಕಳಿರುವ ನೆಂಟರ ಮನೆ ಬೇಡ.

ಈಗ ಪಾತ್ರೆ, ಹಾಸಿಗೆಯ ವಿಷಯ. ವಿಕಿರಣ ಬೀಳುವುದು ಬೇರೆ, ವಿಕಿರಣಶೀಲ ವಸ್ತು ಅಂಟುವುದು ಬೇರೆ. ದೀಪದ ಬೆಳಕು ಬಿದ್ದ ಗೋಡೆ ದೀಪವಾಗುವುದಿಲ್ಲ, ದೀಪದ ಎಣ್ಣೆ ಚೆಲ್ಲಿದರೆ ಮಾತ್ರ ಒರೆಸಬೇಕು. ಅಮ್ಮನ ಮೈಯಿಂದ ಬರುವ ಗ್ಯಾಮಾ ಕಿರಣ ಮಂಚ, ಗೋಡೆ, ಅಕ್ಕಿ, ಮಗು ಯಾವುದರ ಮೇಲೆ ಬಿದ್ದರೂ ಅದನ್ನು ವಿಕಿರಣಶೀಲ ಮಾಡುವುದಿಲ್ಲ. ಆದರೆ ಅಯೋಡಿನ್ ಪರಮಾಣುವೇ ಅಮ್ಮನ ಮೂತ್ರ, ಜೊಲ್ಲು, ಬೆವರಿನಲ್ಲಿ ಹೊರಗೆ ಬಂದು ಎಲ್ಲಾದರೂ ಕೂತರೆ, ಆ ಜಾಗದಿಂದ ವಿಕಿರಣ ಬರುತ್ತದೆ. ಅದು ಮಗುವಿನ ಬಾಯಿಗೆ ಹೋದರೆ ಮಗುವಿನ ಥೈರಾಯ್ಡ್‌ಗೇ ಹೋಗಿ ಕೂರುತ್ತದೆ. ಹಾಗಾಗಿ ಪ್ರತಿಯೊಂದು ನಿಯಮದ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಯೋಡಿನ್ ಈಗ ಎಲ್ಲಿದೆ?

ಮೊದಲ ಎರಡು ದಿನ ಅದು ಎರಡು ಕಡೆ ಇರುತ್ತದೆ. ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಹೀರಿಕೊಳ್ಳುತ್ತದೆ, 60 ಪ್ರತಿಶತ ಎಂದಿಟ್ಟುಕೊಳ್ಳಿ. ಉಳಿದ 40 ಪ್ರತಿಶತದ ಬಹುಪಾಲು ಒಂದೆರಡು ದಿನದಲ್ಲೇ ಮೂತ್ರದಲ್ಲಿ ಹೊರಟುಹೋಗುತ್ತದೆ. ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಮಲಗುವ ಕೋಣೆಯಲ್ಲ, ಬಚ್ಚಲು. ಅಮ್ಮನಿಗೆ ಬೇರೆ ಶೌಚಾಲಯ ಕೊಡಲು ಆದರೆ ಕೊಡಿ. ಆಗದಿದ್ದರೆ ಪ್ರತಿ ಸಲವೂ ಎರಡು ಬಾರಿ ಫ್ಲಶ್ ಮಾಡಲಿ, ಬಕೆಟ್ ಬಳಸುವವರಾದರೆ ಎರಡು ಬಕೆಟ್ ನೀರು ಸುರಿಯಲಿ, ಸುತ್ತ ಸಿಡಿದದ್ದನ್ನು ತೊಳೆಯಲಿ, ಸೋಪು ಹಚ್ಚಿ ಕೈ ತೊಳೆದುಕೊಳ್ಳಲಿ. ವೈದ್ಯರು ನೀರು ಕಡಿಮೆ ಕುಡಿಯಲು ಹೇಳಿರದಿದ್ದರೆ ಮೊದಲ ಎರಡು ದಿನ ಚೆನ್ನಾಗಿ ನೀರು ಕುಡಿದು ಮೂತ್ರ ಕಟ್ಟಿಕೊಳ್ಳದೆ ಹೋಗಬೇಕು. ಮೂತ್ರಕೋಶದಲ್ಲಿ ನಿಂತಷ್ಟು ಹೊತ್ತೂ ಅದು ಅವರ ಹೊಟ್ಟೆಯ ಅಂಗಗಳಿಗೇ ಕಿರಣ ಕೊಡುತ್ತಿರುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಹೋದದ್ದರ ಚಿಂತೆ ಬೇಡ, ಅದು ಅಲ್ಲೇ ಕೂತು ಕ್ಷಯಿಸುತ್ತದೆ.

ಗ್ರಂಥಿಯೊಳಗೆ ಉಳಿದ 6 ಮಿಲಿಕ್ಯೂರಿ ಎರಡು ದಾರಿಯಲ್ಲಿ ಕಡಿಮೆಯಾಗುತ್ತದೆ. ಒಂದು ಕ್ಷಯ. ಇನ್ನೊಂದು, ಗ್ರಂಥಿ ಹಾರ್ಮೋನು ಮಾಡಿ ಹೊರಗೆ ಬಿಡುವುದು. ಹೈಪರ್ ಥೈರಾಯ್ಡ್‌ನಲ್ಲಿ ಈ ಎರಡನೆಯದರ ಅರ್ಧಾಯು 20 ದಿನ ಎಂದಿಟ್ಟುಕೊಂಡರೆ, 8 ಮತ್ತು 20ನ್ನು ಗುಣಿಸಿ ಅವುಗಳ ಮೊತ್ತ 28ರಿಂದ ಭಾಗಿಸಿ: 5.7 ದಿನ. ಇದನ್ನು ಪರಿಣಾಮಕಾರಿ ಅರ್ಧಾಯು ಎನ್ನುತ್ತಾರೆ, ಮನೆಯವರಿಗೆ ಬೇಕಾದ ಸಂಖ್ಯೆ ಇದೇ. 17ನೇ ದಿನಕ್ಕೆ 6 ಮಿಲಿಕ್ಯೂರಿ 0.75ಕ್ಕೆ ಇಳಿದಿರುತ್ತದೆ.

ಮಗು ಮಲಗುವ ಲೆಕ್ಕ ಹೀಗೆ. ಮೊದಲ ದಿನಗಳಲ್ಲಿ 6 ಮಿಲಿಕ್ಯೂರಿ ಇರುವ ಕುತ್ತಿಗೆಯಿಂದ 30 ಸೆಂ.ಮೀ. ದೂರದಲ್ಲಿ ಗಂಟೆಗೆ ಸುಮಾರು 147 ಮೈಕ್ರೋಸೀವರ್ಟ್. ಎಂಟು ಗಂಟೆ ನಿದ್ದೆಗೆ 1,170. ಅಂದರೆ ಒಂದೇ ರಾತ್ರಿಯಲ್ಲಿ ವರ್ಷದ ಮಿತಿ ದಾಟುತ್ತದೆ. ಅದೇ ಮಗು ಅಷ್ಟೇ ದೂರದಲ್ಲಿ ಎರಡು ನಿಮಿಷ ಕೂತು ಎದ್ದು ಹೋದರೆ 5 ಮೈಕ್ರೋಸೀವರ್ಟ್. ನೆಲ, ಗೋಡೆ, ಗಾಳಿ, ಆಕಾಶದಿಂದ ನಮಗೆಲ್ಲ ದಿನಕ್ಕೆ ಬೀಳುವುದು ಸರಾಸರಿ 6–7. ಮಗು ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಿತೆಂದು ಚೀರಬೇಡಿ, ಮೆಲ್ಲಗೆ ಬಿಡಿಸಿಕೊಂಡು ಹೋಗಿ. ತಡೆಯಬೇಕಾದದ್ದು ಗಂಟೆಗಟ್ಟಲೆ ಒತ್ತಾಗಿ ಇರುವುದನ್ನು. ಮೂರು ವಾರ ಮಗು ನಿಮ್ಮ ಜೊತೆ ಬೇರೆ ಕೋಣೆಯಲ್ಲಿ ಮಲಗಲಿ. ಮೊದಲ ವಾರ ಹಗಲಲ್ಲೂ ಎರಡು ಮೀಟರ್ ಅಂತರ ಇರಲಿ, ಅಜ್ಜಿ ಊಟ ಮಾಡಿಸುವುದು, ಮುತ್ತು ಕೊಡುವುದು, ತನ್ನ ತಟ್ಟೆಯಿಂದ ತುತ್ತು ಕೊಡುವುದು ಬೇಡ. ಎರಡು ವರ್ಷದ ಮಗುವನ್ನು ಒಂದೇ ಮನೆಯಲ್ಲಿ ಹಾಗೆ ತಡೆಯುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಮೊದಲ ವಾರ ನೀವೂ ಮಗುವೂ ಬೇರೆ ಕಡೆ ಇರಲು ಸಾಧ್ಯವಾದರೆ ಅದೇ ಒಳ್ಳೆಯದು. ಬಿಡುಗಡೆ ಚೀಟಿಯಲ್ಲಿ ಆಸ್ಪತ್ರೆಯವರು ಬರೆದ ದಿನಗಳು ಇದಕ್ಕಿಂತ ಹೆಚ್ಚಿದ್ದರೆ ಅವನ್ನೇ ಪಾಲಿಸಿ.

ತಟ್ಟೆ ಲೋಟ ಒಂದು ವಾರ ಬೇರೆ ಇಟ್ಟು ಸೋಪು ಹಾಕಿ ಹರಿವ ನೀರಿನಲ್ಲಿ ತೊಳೆದರೆ ಆಯಿತು, ಎಸೆಯುವ ಅಗತ್ಯವೇ ಇಲ್ಲ. ಬಟ್ಟೆ, ಹೊದಿಕೆಯನ್ನು ಬೇರೆಯಾಗಿ ಒಗೆದು ಎರಡು ಸಲ ಜಾಲಿಸಿ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಅದರ ಮೇಲೆ ಬೆಡ್‌ಶೀಟ್ ಹಾಸಿ. ಇಲ್ಲಿ ಜನ ಮಾಡುವ ತಪ್ಪೊಂದಿದೆ: ಬಟ್ಟೆಯನ್ನು ಕುದಿಸುವುದು, ಡೆಟಾಲ್‌ನಲ್ಲಿ ನೆನೆಸುವುದು, ಬಿಸಿಲಿಗೆ ಹಾಕುವುದು. ಇದು ರೋಗಾಣುವಲ್ಲ. ಕಾವು, ಒತ್ತಡ, ಆಸಿಡ್ಡು ಯಾವುದೂ ನ್ಯೂಕ್ಲಿಯಸ್‌ವರೆಗೆ ತಲುಪುವುದಿಲ್ಲ, ಹತ್ತು ಲಕ್ಷಕ್ಕೆ ಒಂದು ಎಂಬ ಆ ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ. ತೊಳೆಯುವುದೆಂದರೆ ಅಯೋಡಿನ್ನನ್ನು ಬಟ್ಟೆಯಿಂದ ಚರಂಡಿಗೆ ಸಾಗಿಸುವುದು, ಅಷ್ಟೇ. ಅದಕ್ಕಿಂತ ದೊಡ್ಡ ತಪ್ಪು, ಮೂತ್ರ ತಾಗಿದ ಪ್ಯಾಡ್, ಟಿಶ್ಯೂಗಳನ್ನು ಹಿತ್ತಲಲ್ಲಿ ಸುಡುವುದು. ಅಯೋಡಿನ್ ಸುಲಭವಾಗಿ ಆವಿಯಾಗುವ ವಸ್ತು, ಹೊಗೆಯ ಜೊತೆ ಉಸಿರಿಗೆ ಬರುತ್ತದೆ. ಅಂಥದ್ದನ್ನು ಗಟ್ಟಿ ಕವರಿನಲ್ಲಿ ಕಟ್ಟಿ, ಮೇಲೆ ದಿನಾಂಕ ಬರೆದು, ಯಾರೂ ಓಡಾಡದ ಮೂಲೆಯಲ್ಲಿಟ್ಟು, 80 ದಿನ ಕಳೆದ ಮೇಲೆ ಮಾಮೂಲಿ ಕಸಕ್ಕೆ ಹಾಕಿ.

ಚೆರ್ನೋಬಿಲ್ ವಿಷಯಕ್ಕೆ ಬರೋಣ. ನೀವು ಓದಿದ್ದು ನಿಜ, ಅದೇ ಅಯೋಡಿನ್-131. ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಅದೂ ಒಂದು, ಕೈಗಾ ರಿಯಾಕ್ಟರಿನ ಇಂಧನದ ಕೊಳವೆಗಳ ಒಳಗೂ ಹುಟ್ಟುತ್ತಿರುತ್ತದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಅದು ಗಾಳಿಗೆ ಸೇರಿ ಹುಲ್ಲಿನ ಮೇಲೆ ಇಳಿಯಿತು, ಹಸು ಹುಲ್ಲು ತಿಂದಿತು, ಮಕ್ಕಳು ಹಾಲು ಕುಡಿದರು. ಮಗುವಿನ ಗ್ರಂಥಿ ಒಂದೆರಡು ಗ್ರಾಂ ಮಾತ್ರ, ಆದ್ದರಿಂದ ಅಷ್ಟೇ ಅಯೋಡಿನ್‌ಗೆ ಅದರ ಮೇಲೆ ಬೀಳುವ ಪ್ರಮಾಣ ದೊಡ್ಡವರಿಗಿಂತ ಎಷ್ಟೋ ಪಟ್ಟು. ಆ ಹಾಲನ್ನು ಪುಡಿ ಮಾಡಿಟ್ಟು ಮೂರು ತಿಂಗಳ ನಂತರ ಬಳಸಿದ್ದರೆ ಅಯೋಡಿನ್ನಿನ ಮಟ್ಟಿಗೆ ತೊಂದರೆ ಇರುತ್ತಿರಲಿಲ್ಲ. ಮತ್ತೆ ಅಮ್ಮನಿಗೆ ಯಾಕೆ ಕೊಡುತ್ತಾರೆ ಎಂದರೆ, ನೂರು ಗ್ರೇ ಬಿದ್ದ ಜೀವಕೋಶ ಸಾಯುತ್ತದೆ. ಸತ್ತ ಕೋಶ ಕ್ಯಾನ್ಸರ್ ಆಗುವುದಿಲ್ಲ. ಅಪಾಯ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣ ಬಿದ್ದು, ಡಿ.ಎನ್.ಎ. ಕೆಟ್ಟೂ ಬದುಕುಳಿದು, ಮುಂದೆ ದಶಕಗಟ್ಟಲೆ ಬೆಳೆಯುವ ಮಗುವಿನ ಕೋಶಗಳಿಗೆ. ನಿಮ್ಮ ಮನೆಯಲ್ಲಿ ಎಚ್ಚರ ಬೇಕಿರುವುದು ಅಜ್ಜಿಗಲ್ಲ, ಮೊಮ್ಮಗುವಿಗೆ. ಹಾಗೆಂದು ಯಾರದೋ ಮಾತು ಕೇಳಿ ಮಗುವಿಗೆ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೊಡಬೇಡಿ. ಅದು ರಿಯಾಕ್ಟರ್ ಅಪಘಾತದಲ್ಲಿ ಆಡಳಿತ ಹೇಳಿದಾಗ ತೆಗೆದುಕೊಳ್ಳುವಂಥದ್ದು.

ಗೈಗರ್ ಕೌಂಟರ್ ಬೇಡ ಎಂದೇ ನನ್ನ ಸಲಹೆ. ಅಗ್ಗದ ಯಂತ್ರ ಮಾಮೂಲಿ ಮನೆಯಲ್ಲಿ ಗಂಟೆಗೆ 0.1–0.2 ಮೈಕ್ರೋಸೀವರ್ಟ್ ತೋರಿಸುತ್ತದೆ. ಗ್ರಾನೈಟ್ ನೆಲ ಇದ್ದರೆ ಸ್ವಲ್ಪ ಹೆಚ್ಚು, ಉಳ್ಳಾಲದ ಕಡಲ ತೀರದಲ್ಲಿ ಮೊನಜೈಟ್ ಎಂಬ ವಿಕಿರಣಶೀಲ ಖನಿಜದ ಮರಳಿರುವ ಜಾಗದಲ್ಲಿ ಇನ್ನೂ ಹೆಚ್ಚು. ಅದನ್ನು ಅಮ್ಮನ ಕುತ್ತಿಗೆಗೆ ಹಿಡಿದರೆ ಸಾವಿರ ಪಟ್ಟು ಹೆಚ್ಚು ತೋರಿಸಿ ಕಿರುಚುತ್ತದೆ. ಅದು ನಿಮಗೆ ಮೊದಲೇ ಗೊತ್ತಿರುವ ವಿಷಯ. ಎಣಿಕೆಯಲ್ಲಿ ಏರಿಳಿತವೂ ಸಹಜ: ನಿಮಿಷಕ್ಕೆ 25 ಸದ್ದು ಬರುವ ಕಡೆ ಒಮ್ಮೆ 20, ಒಮ್ಮೆ 30 ಬಂದರೆ ಏನೂ ಆಗಿಲ್ಲ, ಕ್ಷಯ ಇರುವುದೇ ಹಾಗೆ. 25ರ ವರ್ಗಮೂಲ 5, ಅಷ್ಟು ಆಚೀಚೆ ಆಗುತ್ತಲೇ ಇರುತ್ತದೆ. ಸದ್ದು ಹತ್ತು ನಿಮಿಷ ಎಣಿಸಿ ಸರಾಸರಿ ತೆಗೆಯದೆ ಒಂದು ಓದನ್ನು ನಂಬಿ ಹಾಸಿಗೆ ಎಸೆದವರಿಗೆ ಆಗುವುದು ಹಾಸಿಗೆಯ ನಷ್ಟ ಮಾತ್ರ.

ಆ ಹಣ ಖರ್ಚು ಮಾಡುವುದಕ್ಕಿಂತ ಆಸ್ಪತ್ರೆಯಿಂದ ಒಂದು ಪತ್ರ ಪಡೆದುಕೊಳ್ಳಿ: ಯಾವ ಐಸೋಟೋಪ್ (ಇಲ್ಲಿ ಅಯೋಡಿನ್-131), ಎಷ್ಟು ಮಿಲಿಕ್ಯೂರಿ, ಯಾವ ದಿನಾಂಕ, ಯಾರನ್ನು ಸಂಪರ್ಕಿಸಬೇಕು ಎಂದು ಬರೆದದ್ದು. ಮೂರು ತಿಂಗಳೊಳಗೆ ಅಮ್ಮ ವಿದೇಶಕ್ಕೆ ಹೋಗುವುದಿದ್ದರೆ ವಿಮಾನ ನಿಲ್ದಾಣದ ವಿಕಿರಣ ಶೋಧಕ ಸದ್ದು ಮಾಡಬಹುದು. ಆಗ ಈ ಪತ್ರ ಕೈಯಲ್ಲಿರಬೇಕು. ಯಾವುದಾದರೂ ಆಸ್ಪತ್ರೆಗೆ ತುರ್ತಾಗಿ ಸೇರಿಸಬೇಕಾಗಿ ಬಂದರೂ ಅದನ್ನು ಮೊದಲು ತೋರಿಸಿ.